ಬಾಗುವ ರಾಡ್ ಅಂದರೆ ಕಳಪೆ ರಾಡ್ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗಾಳ ಹಾಕುವ ಹವ್ಯಾಸದ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ನಮ್ಮ ಮೈಸೂರು, ಮಂಡ್ಯ ಕಡೆ ಕೆರೆ, ನಾಲೆ, ಹೊಳೆ ಅಂತ ಇಷ್ಟೊಂದು ನೀರಿದೆ. ರಜೆ ಬಂತೆಂದರೆ ಬೈಕಿಗೆ ಗಾಳದ ರಾಡ್ ಕಟ್ಟಿಕೊಂಡು ಹೊರಡುವ ಹುಡುಗರೂ ಜಾಸ್ತಿಯಾಗಿದ್ದಾರೆ. ಆದರೂ ಇದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಹಾಗಾಗಿ ಬರೆದವರಿಗೆ ಮೊದಲು ನನ್ನ ಧನ್ಯವಾದ.

ಆದರೆ ಅದರಲ್ಲಿ ಒಂದು ಮಾತು ತಪ್ಪಾಗಿದೆ, ಅದನ್ನು ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ. ರಾಡ್ ಕೊಳ್ಳುವಾಗ ಗಡುಸಾಗಿರುವುದನ್ನೇ ನೋಡಿ ಕೊಳ್ಳಿ, ಬಾಗಿದರೆ ಅದು ಕಳಪೆ, ಗಟ್ಟಿ ರಾಡ್ ಒಂದಿದ್ದರೆ ಎಲ್ಲ ಲೂರಿಗೂ (ಮೀನನ್ನು ಮರುಳು ಮಾಡುವ ನಕಲಿ ಎರೆ) ಆಗುತ್ತದೆ ಅಂತ ಬರೆದಿದ್ದಾರೆ. ಬೇರೆ ಲೂರಿಗೆ ಏನೋ, ನೀರಿನಲ್ಲಿ ಓಲಾಡುತ್ತಾ ಬರುವ ಪುಟ್ಟ ನಕಲಿ ಮೀನಾದ ಕ್ರ್ಯಾಂಕ್‌ಬೈಟ್‌ಗೆ ಮಾತ್ರ ಈ ಸಲಹೆ ಪೂರ್ತಿ ಉಲ್ಟಾ. ಇದನ್ನು ಓದಿ ಎಷ್ಟು ಜನ ಹುಡುಗರು ಕೂಡಿಟ್ಟ ದುಡ್ಡು ಹಾಕಿ ತಪ್ಪು ರಾಡ್ ತರುತ್ತಾರೋ ಅಂತ ಯೋಚನೆಯಾಯಿತು. ಯಾಕೆಂದರೆ ನಮ್ಮ ಮನೆಯಲ್ಲೇ ಹಾಗಾಗಿದೆ.

ನನ್ನ ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಹಬ್ಬಕ್ಕೆ ಕೊಟ್ಟ ದುಡ್ಡು, ರಜೆಯಲ್ಲಿ ದುಡಿದ ದುಡ್ಡು ಎಲ್ಲ ಸೇರಿಸಿ ಮೈಸೂರಿನ ಒಂದು ಅಂಗಡಿಯಲ್ಲಿ ಕಾರ್ಬನ್ ರಾಡ್ ತಂದ. ಕ್ರ್ಯಾಂಕ್‌ಬೈಟ್ ಎಸೆಯಲು ಅಂತ ಬಾಯಿಬಿಟ್ಟು ಹೇಳಿಯೇ ಕೇಳಿದ್ದಾನೆ. ಅಂಗಡಿಯವರು ರಾಡನ್ನು ಅಲ್ಲಾಡಿಸಿ ತೋರಿಸಿ, ನೋಡಪ್ಪಾ ಹೆಂಗಿದೆ, ಕಬ್ಬಿಣ ಇದ್ದಂಗಿದೆ, ಹತ್ತು ಕೆಜಿ ಮೀನು ಬಂದರೂ ಅಲ್ಲಾಡಲ್ಲ ಅಂದರಂತೆ. ಹುಡುಗ ನಂಬಿದ. ಯಾರಾದರೂ ನಂಬುತ್ತಾರೆ, ಅಲ್ವಾ?

ಪಾಂಡವಪುರದ ಕಡೆ ಒಂದು ಕೆರೆಯನ್ನು ಮೀನಿಗೆ ಟೆಂಡರ್ ಹಿಡಿದವರು ನಮಗೆ ಪರಿಚಯ. ಅವರನ್ನು ಕೇಳಿಕೊಂಡು ಬೆಳಿಗ್ಗೆ ಆರಕ್ಕೆಲ್ಲ ಏರಿ ಮೇಲೆ ನಿಂತಿದ್ದೆವು. ತೂಬಿನ ಹತ್ತಿರ ಕಲ್ಲು ಕಟ್ಟಡದ ಪಕ್ಕ ಸ್ವಲ್ಪ ಆಳ. ಮೂರನೇ ಎಸೆತಕ್ಕೇ ಕೊರವ ಮೀನು ಹೊಡೆಯಿತು. ಹುಡುಗ ರಾಡನ್ನು ಜಗ್ಗಿ ಎತ್ತಿದ. ಮೀನು ಒಮ್ಮೆ ನೀರಿನ ಮೇಲೆ ಬಂದು ತಲೆ ಒದರಿತು, ದಾರ ಸಡಿಲವಾಯಿತು, ಅಷ್ಟೆ. ಅರ್ಧ ಗಂಟೆ ಬಿಟ್ಟು ಇನ್ನೊಂದು, ಅದೂ ಹಾಗೇ. ಎಂಟು ಗಂಟೆಯ ಹೊತ್ತಿಗೆ ಮೂರನೆಯದು. ಆ ಮೂರನೇ ಸಲ ಲೂರ್ ಈಚೆ ಬಂದಾಗ ಅದರ ಹಿಂದಿನ ಗಾಳವನ್ನು ಕೈಯಲ್ಲಿ ಹಿಡಿದು ನೋಡಿದೆ. ಮೂರು ಮುಳ್ಳಲ್ಲಿ ಒಂದರ ತುದಿಗೆ ಅಕ್ಕಿ ಕಾಳಿನಷ್ಟು ಬೆಳ್ಳನೆ ಚರ್ಮ ಅಂಟಿಕೊಂಡಿತ್ತು. ಮೀನಿನ ತುಟಿಯ ಅಂಚಿನದು. ಮುಳ್ಳು ಚುಚ್ಚಿತ್ತು, ಹಿಡಿದಿತ್ತು, ನಾವೇ ಎಳೆದು ಹರಿದುಹಾಕಿದ್ದೆವು.

ಅಂಗಡಿಯವರು ಹೇಳಲಿಲ್ಲ, ನಿಮ್ಮ ಲೇಖನದಲ್ಲೂ ಇರಲಿಲ್ಲ, ಹಾಗಾಗಿ ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ರ್ಯಾಂಕ್‌ಬೈಟ್ ಅಂದರೆ ಹೊಟ್ಟೆ ಉಬ್ಬಿರುವ ಪುಟ್ಟ ನಕಲಿ ಮೀನು. ಪ್ಲಾಸ್ಟಿಕ್‌ನದು ಜಾಸ್ತಿ, ಬಾಲ್ಸಾ ಅನ್ನುವ ಹಗುರ ಮರದ್ದೂ ಸಿಗುತ್ತದೆ. ಮೂತಿಯ ಕೆಳಗೆ ಚಮಚದ ತುದಿಯಂಥ ಒಂದು ನಾಲಿಗೆ ಇರುತ್ತದೆ. ಎಸೆದು, ರಾಡಿನಲ್ಲಿರುವ ರೀಲಿಗೆ ದಾರ ಸುತ್ತಿದರೆ ನೀರು ಆ ನಾಲಿಗೆಯನ್ನು ಒತ್ತುತ್ತದೆ, ಲೂರ್ ಮುಳುಗುತ್ತಾ ಅಕ್ಕಪಕ್ಕ ಓಲಾಡುತ್ತಾ ಬರುತ್ತದೆ. ನಾಲಿಗೆ ಗಿಡ್ಡವಾಗಿ ಚೌಕವಾಗಿದ್ದರೆ ಮೇಲ್ಮೇಲೆ ಈಜುತ್ತದೆ, ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಹೋಗುತ್ತದೆ. ಸುತ್ತುವುದು ನಿಲ್ಲಿಸಿದರೆ ಹೆಚ್ಚಿನವು ತೇಲುತ್ತವೆ. ಪೆಟ್ಟು ತಿಂದ ಮೀನು ನೇರವಾಗಿ ಈಜಲಾರದೆ ಓಲಾಡುತ್ತದೆ, ದೊಡ್ಡ ಮೀನು ಅಂಥದ್ದನ್ನೇ ಹುಡುಕಿ ಹಿಡಿಯುತ್ತದೆ. ಫಿನ್‌ಲ್ಯಾಂಡಿನ ಲೌರಿ ರಾಪಾಲಾ ಅನ್ನುವ ಮೀನುಗಾರ ಇದನ್ನೇ ಗಮನಿಸಿ 1936ರಲ್ಲಿ ಕಾರ್ಕ್ ಕೆತ್ತಿ ಹಾಗೆ ಓಲಾಡುವ ಲೂರ್ ಮಾಡಿದ. ಅದು ಉದ್ದನೆಯ ಮೀನಿನ ಆಕಾರದ್ದು, ಆದರೆ ಕೆಲಸ ಮಾಡುವ ರೀತಿ ಇದರದ್ದೇ.

ಈಗ ಮುಳ್ಳಿನ ವಿಷಯ. ನಾವು ಎರೆಹುಳು ಸಿಕ್ಕಿಸುವ ಗಾಳ ಒಂಟಿ ಮುಳ್ಳಿನದು. ಮೀನು ನುಂಗಿದರೆ ಬಾಯಿಯ ಒಳಗೆ ಗಟ್ಟಿಯಾಗಿ ಕೂರುತ್ತದೆ. ಕ್ರ್ಯಾಂಕ್‌ಬೈಟ್‌ನಲ್ಲಿ ಸಾಮಾನ್ಯವಾಗಿ ಹೊಟ್ಟೆಗೊಂದು, ಬಾಲಕ್ಕೊಂದು ಮೂರು ಮುಳ್ಳಿನ ಗಾಳ ಇರುತ್ತದೆ. ಮುಳ್ಳು ಚಿಕ್ಕದು, ತಂತಿ ತೆಳ್ಳಗೆ. ಲೂರ್ ಓಡುತ್ತಿರುವಾಗಲೇ ಮೀನು ಹೊಡೆಯುವುದರಿಂದ ಎಷ್ಟೋ ಸಲ ತುಟಿಯ ಅಂಚಿಗೋ ದವಡೆಯ ಹೊರಗಿನ ಚರ್ಮಕ್ಕೋ ಒಂದು ಮುಳ್ಳು ಸಿಕ್ಕಿರುತ್ತದೆ ಅಷ್ಟೆ. ಮೀನು ತಲೆ ಒದರಿದಾಗ ಲೂರಿನ ಗಟ್ಟಿ ಮೈಯೇ ಸನ್ನೆಕೋಲಿನ ಥರ ಆಗಿ ಮುಳ್ಳನ್ನು ಮೀಟುತ್ತದೆ. ಆಗ ಗಡುಸು ರಾಡ್ ಆದರೆ ಆ ಒದರಿಕೆಯ ಪೂರ್ತಿ ಪೆಟ್ಟು ಮುಳ್ಳಿಗೇ ಬೀಳುತ್ತದೆ, ತೂತು ಅಗಲವಾಗುತ್ತದೆ, ಮೀನು ಬಿಟ್ಟುಹೋಗುತ್ತದೆ. ಬಾಗುವ ರಾಡ್ ಆದರೆ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ, ದಾರವನ್ನು ಮಾತ್ರ ಸಡಿಲ ಬಿಡುವುದಿಲ್ಲ.

ಇನ್ನೊಂದು ಕಾರಣ ನಮ್ಮ ಕೈಯ ಅಭ್ಯಾಸದ್ದು. ಬೆಂಡು ಮುಳುಗಿದ ಕೂಡಲೇ ಜಗ್ಗು ಅಂತ ಚಿಕ್ಕಂದಿನಿಂದ ಕಲಿತವರು ನಾವು. ಕ್ರ್ಯಾಂಕ್‌ಬೈಟ್ ಹಿಡಿಯುವ ಮೀನಿಗೆ ಅದನ್ನು ಬಾಯೊಳಗೆ ಎಳೆದುಕೊಳ್ಳಲು ಒಂದು ಗಳಿಗೆ ಬೇಕು. ಗಡುಸು ಕಾರ್ಬನ್ ರಾಡಿನಲ್ಲಿ ತಾಗಿದ್ದು ತಕ್ಷಣ ಕೈಗೆ ಗೊತ್ತಾಗುತ್ತದೆ, ನಾವು ತಕ್ಷಣ ಜಗ್ಗುತ್ತೇವೆ, ಮೀನಿನ ಬಾಯಿಂದ ಲೂರ್ ಕಿತ್ತುಕೊಂಡ ಹಾಗಾಗುತ್ತದೆ. ಮೆತ್ತನೆ ರಾಡ್ ನಮ್ಮನ್ನು ಅರೆಗಳಿಗೆ ತಡೆಯುತ್ತದೆ. ಆ ಅರೆಗಳಿಗೆಯಲ್ಲೇ ಮೀನು ಸಿಗುವುದು. ಆಮೇಲೂ ಮೇಲಕ್ಕೆ ಜಗ್ಗಬಾರದು, ಸುತ್ತುತ್ತಲೇ ರಾಡನ್ನು ಪಕ್ಕಕ್ಕೆ ಎಳೆದುಕೊಂಡರೆ ಸಾಕು.

ಹಾಗಾದರೆ ಎಂಥ ರಾಡ್ ಕೊಳ್ಳಬೇಕು?

ಅಂಗಡಿಯಲ್ಲಿ ಪವರ್, ಆ್ಯಕ್ಷನ್ ಅಂತ ಎರಡು ಮಾತು ಕೇಳುತ್ತೀರಿ. ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಈ ಗೊಂದಲವೆಲ್ಲ. ರಾಡ್ ಎಷ್ಟು ಭಾರಕ್ಕೆ ಬಾಗುತ್ತದೆ ಅನ್ನುವುದು ಪವರ್. ಎಲ್ಲಿಂದ ಬಾಗುತ್ತದೆ ಅನ್ನುವುದು ಆ್ಯಕ್ಷನ್. ಫಾಸ್ಟ್ ಅಂದರೆ ತುದಿ ಮಾತ್ರ ಬಾಗುತ್ತದೆ, ಕೆಳಗೆ ದೊಣ್ಣೆಯ ಹಾಗೆ ನಿಂತಿರುತ್ತದೆ. ಮಾಡರೇಟ್ ಅಂದರೆ ನಡುವಿನಿಂದಲೇ ಬಾಗುತ್ತದೆ. ಕ್ರ್ಯಾಂಕ್‌ಬೈಟ್‌ಗೆ ಬೇಕಾದ್ದು ಮಾಡರೇಟ್, ಹೆಚ್ಚೆಂದರೆ ಮಾಡರೇಟ್ ಫಾಸ್ಟ್. ಪವರ್ ಮೀಡಿಯಂ ಇದ್ದರೆ ಕೆರೆಯ ಕೆಲಸಕ್ಕೆ ಸಾಕು, ಆಳಕ್ಕೆ ಇಳಿಯುವ ದೊಡ್ಡ ಲೂರ್ ಎಸೆಯುವವರಿಗೆ ಮೀಡಿಯಂ ಹೆವಿ. ಅಂದರೆ ಪವರ್ ಜಾಸ್ತಿ ಇದ್ದೂ ನಡುವಿನಿಂದ ಬಾಗುವ ರಾಡ್ ಇರುತ್ತದೆ. ಬಾಗಿದ್ದೆಲ್ಲ ಬಲವಿಲ್ಲದ್ದು ಅನ್ನುವ ಹಾಗಿಲ್ಲ. ನಮ್ಮ ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕಬ್ಬಿನ ಜಲ್ಲೆ ಬಾಗಿಸಿ ನೋಡಿ, ಟಪ್ಪಂತ ಮುರಿಯುತ್ತದೆ. ಬಿದಿರಿನ ಗಳ ಬಾಗಿಸಿ ನೋಡಿ. ನಮ್ಮ ತಾತ ಕಾಲುವೆಯಲ್ಲಿ ಗಾಳ ಹಾಕುತ್ತಿದ್ದದ್ದು ಬಿದಿರಿನ ಗಳದಲ್ಲಿ, ಮೀನು ಎಳೆದಾಗ ಅದು ಬಿಲ್ಲಿನ ಹಾಗೆ ಬಾಗುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಇನ್ನು ರಾಡನ್ನು ಯಾವುದರಲ್ಲಿ ಮಾಡಿದ್ದು ಅನ್ನುವುದು. ಕಾರ್ಬನ್ ರಾಡ್‌ಗಳು ಪೇಟೆಗೆ ಬಂದದ್ದು 1970ರ ದಶಕದಲ್ಲಿ. ಹಗುರ, ಚುರುಕು, ಸಣ್ಣ ತಾಗುವಿಕೆಯೂ ಕೈಗೆ ಗೊತ್ತಾಗುತ್ತದೆ. ಅದಕ್ಕೂ ಮೊದಲಿನದು ಫೈಬರ್‌ಗ್ಲಾಸ್. ಸ್ವಲ್ಪ ಭಾರ, ನಿಧಾನ, ಚೆನ್ನಾಗಿ ಬಾಗುತ್ತದೆ. ಕ್ರ್ಯಾಂಕ್‌ಬೈಟ್ ಹಾಕುವವರು ಇವತ್ತಿಗೂ ಫೈಬರ್‌ಗ್ಲಾಸನ್ನು ಹುಡುಕಿಕೊಂಡು ಹೋಗುತ್ತಾರೆ. ಎರಡನ್ನೂ ಸೇರಿಸಿ ಮಾಡಿದ ಕಾಂಪೋಸಿಟ್ ರಾಡ್ ಸಿಕ್ಕರೆ ಇನ್ನೂ ಒಳ್ಳೆಯದು, ಕೈ ನೋಯುವುದಿಲ್ಲ. ಕಾರ್ಬನ್‌ನಲ್ಲೇ ಮಾಡರೇಟ್ ಆ್ಯಕ್ಷನ್ ಮಾಡಿರುವುದೂ ಇದೆ, ಅದೂ ನಡೆಯುತ್ತದೆ. ಆದರೆ ನಮ್ಮ ಅಂಗಡಿಗಳಲ್ಲಿ ಫೈಬರ್‌ಗ್ಲಾಸ್ ಕೇಳಿದರೆ ಅದು ಮಾಮೂಲಿ ಮಾಲು ಸಾರ್, ನಿಮಗೆ ಬೇಡ ಅನ್ನುತ್ತಾರೆ. ಹಾಗಂದವರ ಮಾತು ಕೇಳಬೇಡಿ. ಹಾಗೆಯೇ ತೀರಾ ಅಗ್ಗದ, ದಪ್ಪ ಸೋಲಿಡ್ ಫೈಬರ್‌ಗ್ಲಾಸ್ ರಾಡಿಗೂ ಹೋಗಬೇಡಿ. ಎಸೆದಾದ ಮೇಲೂ ತುದಿ ತುಯ್ಯುತ್ತಲೇ ಇರುತ್ತದೆ, ಒಂದು ಗಂಟೆಯಲ್ಲಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ.

ಉದ್ದ 7 ಅಡಿ ಇರಲಿ. ಕ್ರ್ಯಾಂಕ್‌ಬೈಟ್ ತನ್ನ ಆಳ ಮುಟ್ಟಬೇಕಾದರೆ ಒಂದಷ್ಟು ದೂರ ಓಡಬೇಕು, ಆದ್ದರಿಂದ ದೂರ ಎಸೆದಷ್ಟೂ ಅದು ಆಳದಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಮರ, ಪೊದೆ ಇರುವ ಇಕ್ಕಟ್ಟಿನ ಜಾಗದಲ್ಲಿ ಆರೂವರೆ ಅಡಿ ಅನುಕೂಲ. ಬೈಕಿನಲ್ಲಿ ಓಡಾಡುವವರಿಗೆ ಎರಡು ತುಂಡಿನ ರಾಡ್ ಒಳ್ಳೆಯದು, ಒಂದೇ ತುಂಡಿನದು ಆಗಬೇಕು ಅಂತ ಹಟ ಬೇಡ.

ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಎಷ್ಟು ತೂಕದ ಲೂರ್ ಎಸೆಯಬಹುದು ಅಂತ ಬರೆದಿರುತ್ತಾರೆ. ದಯವಿಟ್ಟು ಅದನ್ನು ಓದಿ. ನಾನು ಜಾಸ್ತಿ ಬಳಸುವ ಲೂರ್‌ಗಳು 10ರಿಂದ 15 ಗ್ರಾಂ, ಹಾಗಾಗಿ 7ರಿಂದ 21 ಗ್ರಾಂ ಅಂತ ಬರೆದಿರುವ ರಾಡ್ ನನಗೆ ಸರಿಹೋಗುತ್ತದೆ. ಕೆಲವು ರಾಡ್‌ಗಳಲ್ಲಿ ಔನ್ಸ್ ಲೆಕ್ಕ ಇರುತ್ತದೆ, ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ನಿಮ್ಮ ಲೂರ್ ಆ ಲೆಕ್ಕದ ನಡುವೆ ಬರಬೇಕು. ಅಂಚಿನಲ್ಲಿದ್ದರೆ ಎಸೆತ ಸರಿಯಾಗಿ ಹೋಗುವುದಿಲ್ಲ.

ಅಂಗಡಿಯಲ್ಲಿ ನೋಡುವುದು ಹೇಗೆ ಅಂತ ಹುಡುಗರು ಕೇಳುತ್ತಾರೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅವರು ತುದಿಯನ್ನು ಮೆಲ್ಲಗೆ ಹಿಡಿದುಕೊಳ್ಳಲಿ, ನೀವು ಹಿಡಿಯನ್ನು ನಿಧಾನಕ್ಕೆ ಎತ್ತಿ. ಬಾಗು ಎಲ್ಲಿಂದ ಶುರುವಾಯಿತು ಅಂತ ಕಣ್ಣಲ್ಲಿ ನೋಡಿ. ತುದಿಯ ಒಂದೆರಡು ಅಡಿ ಮಾತ್ರ ಬಾಗಿ ಉಳಿದದ್ದು ನೆಟ್ಟಗೆ ನಿಂತರೆ ಅದನ್ನು ವಾಪಸ್ ಇಡಿ. ನಡುವಿನವರೆಗೂ ಒಂದೇ ಸಮ ಬಾಗಿದರೆ ಸರಿ. ಆಮೇಲೆ ದಾರ ಹಾಯುವ ರಿಂಗುಗಳ ಒಳಗೆ ಸ್ವಲ್ಪ ಹತ್ತಿ ಹಾಕಿ ಎಳೆದು ನೋಡಿ. ಎಳೆ ಸಿಕ್ಕಿಹಾಕಿಕೊಂಡರೆ ಆ ರಿಂಗು ಸೀಳಿದೆ ಅಂತ ಅರ್ಥ, ಅಂಥ ರಿಂಗು ನಾಲ್ಕು ದಿನದಲ್ಲಿ ದಾರ ಕುಯ್ಯುತ್ತದೆ. ಇಷ್ಟು ನೋಡಲು ಐದು ನಿಮಿಷ ಸಾಕು. ಬೇಡ ಅನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.

ದಾರದ ಬಗ್ಗೆ ಒಂದು ಮಾತು. ಹೆಣೆದ ದಾರ, ಬ್ರೇಡ್ ಅನ್ನುತ್ತಾರಲ್ಲ, ಅದು ಹಿಗ್ಗುವುದೇ ಇಲ್ಲ ಅನ್ನಬಹುದು. ಗಡುಸು ರಾಡಿಗೆ ಬ್ರೇಡ್ ಹಾಕಿ ಕ್ರ್ಯಾಂಕ್‌ಬೈಟ್ ಕಟ್ಟಿದರೆ ಮೂರೂ ಸೇರಿ ಮೀನಿನ ತುಟಿ ಹರಿಯುತ್ತವೆ. ಸಾದಾ ನೈಲಾನ್ ದಾರ ಹಿಗ್ಗುತ್ತದೆ, ಅದೇ ಅದರ ಗುಣ. ಆಳಕ್ಕೆ ಹೋಗಬೇಕು ಅನ್ನುವವರು ಫ್ಲೋರೋಕಾರ್ಬನ್ ಹಾಕುತ್ತಾರೆ, ಅದು ನೀರಿನಲ್ಲಿ ಮುಳುಗುತ್ತದೆ. ಯಾವುದೇ ದಾರವಾದರೂ ತೆಳ್ಳಗಿದ್ದಷ್ಟೂ ಲೂರ್ ಆಳಕ್ಕೆ ಇಳಿಯುತ್ತದೆ. ರೀಲಿನ ಗೇರೂ ಅಷ್ಟೆ. ರೀಲಿನ ಹಿಡಿ ಒಂದು ಸುತ್ತಿಗೆ ಸ್ಪೂಲ್, ಅಂದರೆ ದಾರದ ಉರುಳೆ, ಐದು ಸುತ್ತು ತಿರುಗುವ ರೀಲ್, ಆಳದ ಲೂರಿಗೆ ಕೈಗೆ ಹಿತ. ಏಳು ಸುತ್ತಿನದು ಹಾಕಿದರೆ ಸೈಕಲ್ಲಿನಲ್ಲಿ ದೊಡ್ಡ ಗೇರ್ ಹಾಕಿ ಏರು ಹತ್ತಿದ ಹಾಗೆ.

ಈಗಾಗಲೇ ಗಡುಸು ರಾಡ್ ತಂದುಬಿಟ್ಟಿದ್ದೇವೆ, ಇನ್ನೊಂದು ಕೊಳ್ಳಲು ದುಡ್ಡಿಲ್ಲ ಅನ್ನುವವರು ಬೇಜಾರು ಮಾಡಿಕೊಳ್ಳಬೇಡಿ. ಬ್ರೇಡ್ ಬಿಚ್ಚಿ ನೈಲಾನ್ ದಾರ ಸುತ್ತಿ. ರೀಲಿನ ಡ್ರ್ಯಾಗ್ ಸಡಿಲ ಮಾಡಿ, ಮೀನು ಎಳೆದರೆ ದಾರ ಬಿಡುವಷ್ಟು. ಜಗ್ಗುವುದನ್ನು ಬಿಡಿ. ಅಕ್ಕನ ಮಗನಿಗೂ ನಾನು ಮಾಡಿಸಿದ್ದು ಇದನ್ನೇ. ಆ ರಾಡೂ ದಂಡವಾಗಲಿಲ್ಲ, ಯಾಕೆಂದರೆ ಜೊಂಡು, ತಾವರೆ ಎಲೆಯ ಮೇಲೆ ಎಸೆಯುವ ರಬ್ಬರ್ ಕಪ್ಪೆ ಲೂರಿಗೆ ಗಡುಸು ರಾಡೇ ಬೇಕು. ಕಪ್ಪೆಯ ಜೋಡಿ ಮುಳ್ಳು ದಪ್ಪ, ಕೊರವದ ಬಾಯಿ ಗಟ್ಟಿ, ಜೋರಾಗಿ ಜಗ್ಗಿದರೆ ಮಾತ್ರ ಚುಚ್ಚುತ್ತದೆ, ಜೊಂಡಿನಿಂದ ಎಳೆದು ಈಚೆ ತರಲೂ ಬಲ ಬೇಕು. ನಿಮ್ಮ ಲೇಖನ ಬರೆದವರು ಬಹುಶಃ ಕಪ್ಪೆ ಹಾಕಿಯೇ ಕೊರವ ಹಿಡಿದವರಿರಬೇಕು. ಅವರ ಅನುಭವ ಅಲ್ಲಿಗೆ ಸರಿ. ಎಲ್ಲ ಲೂರಿಗೂ ಅಂತ ಬರೆದದ್ದು ಮಾತ್ರ ಸರಿಯಲ್ಲ.

ನಮ್ಮ ಮೈಸೂರು ಕಡೆಯ ಒಂದು ಹಳೆಯ ನೆನಪು ಹೇಳಬೇಕು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು, ಹುಲಿ ಚಿರತೆಗಳ ಚರ್ಮ ತುಂಬುವ ಕೆಲಸಕ್ಕೆ ಹೆಸರಾದವರು, ಅವರಲ್ಲಿ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಹಿಡಿದಿದ್ದರು. ನಮ್ಮ ಲೆಕ್ಕದಲ್ಲಿ 54 ಕೆಜಿ. ಆಗ ಕಾರ್ಬನ್ ರಾಡ್ ಎಂಬುದೇ ಇರಲಿಲ್ಲ. ಕಬ್ಬಿಣದ ಹಾಗೆ ಇರಬೇಕು ಅನ್ನುವವರಿಗೆ ನಾನು ಯಾವಾಗಲೂ ಇದನ್ನು ಹೇಳುತ್ತೇನೆ.

ಆ ಮಹಶೀರ್ ಬಗ್ಗೆ ಇನ್ನೊಂದು ವಿಷಯವೂ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸ ರಾಡ್ ಕೈಗೆ ಬಂದ ಕೂಡಲೇ ಎಲ್ಲರ ಮನಸ್ಸು ಕಾವೇರಿಯ ಕಡೆಗೇ ಓಡುತ್ತದೆ. ಬೆನ್ನು ಉಬ್ಬಿರುವ, ಕಿತ್ತಳೆ ಬಣ್ಣದ ರೆಕ್ಕೆಯ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಮೀನುಗಳ ಪಟ್ಟಿಗೆ ಸೇರಿಸಿದ್ದಾರೆ. ಕಾವೇರಿ ವನ್ಯಧಾಮದ ಒಳಗಾಗಲಿ ರಂಗನತಿಟ್ಟಿನಲ್ಲಾಗಲಿ ಗಾಳ ಹಾಕುವ ಹಾಗಿಲ್ಲ. ಕೆರೆಯಲ್ಲೂ ಟೆಂಡರ್ ಹಿಡಿದವರನ್ನು, ಮೀನುಗಾರಿಕೆ ಇಲಾಖೆಯನ್ನು ಕೇಳದೆ ಹಾಕಬಾರದು. ಹಿಡಿದ ಮೀನನ್ನು ಬಿಟ್ಟುಬಿಡುವವರು ಮುಳ್ಳಿನ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಕೊಕ್ಕೆಯನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ, ಮೀನಿನ ಬಾಯಿಂದ ಸುಲಭವಾಗಿ ಬರುತ್ತದೆ. ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ಇನ್ನು ಕಿತ್ತುಹೋದ ದಾರವನ್ನು ಏರಿ ಮೇಲೆ ಬಿಟ್ಟು ಬರಬೇಡಿ. ತೂಬಿನ ಹತ್ತಿರ ಜಾಲಿ ಮರಕ್ಕೆ ಅಂಥ ದಾರದಲ್ಲಿ ಕಾಲು ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದ ಒಂದು ಬೆಳ್ಳಕ್ಕಿಯನ್ನು ನಾನೂ ಅಕ್ಕನ ಮಗನೂ ಸೇರಿ ಬಿಡಿಸಿದ್ದೇವೆ. ಅದು ಬದುಕಿತು, ಆದರೆ ಒಂದು ಕಾಲು ಊರಲು ಆಗುತ್ತಿರಲಿಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಪುರವಣಿಯಲ್ಲಿ ಎರಡೇ ಎರಡು ಸಾಲಿನ ತಿದ್ದುಪಡಿ ಹಾಕಿ. ಕ್ರ್ಯಾಂಕ್‌ಬೈಟ್‌ಗೆ ನಡುವಿನಿಂದ ಬಾಗುವ ರಾಡ್, ಕಪ್ಪೆಗೆ ಗಡುಸು ರಾಡ್ ಅಂತ. ಜಾಗ ಇದ್ದರೆ ಹಿಡಿಯ ಮೇಲೆ ಬರೆದಿರುವ ತೂಕದ ಲೆಕ್ಕವನ್ನು ಓದುವುದು ಹೇಗೆ ಅಂತ ಒಂದು ಚಿತ್ರವನ್ನೂ ಹಾಕಿ, ಅದೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ನಮ್ಮ ಹುಡುಗರು ನೋಡದೆ ಬಿಡುತ್ತಾರೆ. ಲೇಖನ ಬರೆದವರು ಒಪ್ಪಿದರೆ ಅವರನ್ನು ನಮ್ಮ ಕೆರೆಗೆ ಕರೆಯುತ್ತೇನೆ. ನನ್ನ ಹತ್ತಿರ ಹಳೆಯ ಫೈಬರ್‌ಗ್ಲಾಸ್ ರಾಡ್ ಇದೆ, ಹಿಡಿಯ ಕಾರ್ಕ್ ಸವೆದು ಬೆರಳಿನ ಗುಂಡಿ ಬಿದ್ದಿದೆ. ಹುಡುಗನ ರಾಡ್ ಒಂದು ಕೈಯಲ್ಲಿ, ಇದು ಒಂದು ಕೈಯಲ್ಲಿ, ಅದೇ ಲೂರ್, ಅದೇ ತೂಬಿನ ಪಕ್ಕ, ಅವರೇ ಎಸೆದು ನೋಡಲಿ. ಬೆಳಿಗ್ಗೆ ಆರಕ್ಕೆ ಬರಬೇಕು, ಒಂಬತ್ತರ ಮೇಲೆ ಬಿಸಿಲಿಗೆ ಮೀನು ಹೊಡೆಯುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಶ್ರೀರಂಗಪಟ್ಟಣದ ಒಬ್ಬ ಓದುಗ